ನೀರಿನ ಟಾರ್ಚ್‌ಗೆ ಯಾವ ನೀರು? – ವರ್ಕ್‌ಶಾಪ್ ಪ್ರಶ್ನೋತ್ತರ

ಈ ಬಾರಿ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಆರ್ಗಾನ್ ವೆಲ್ಡಿಂಗ್‌ನ ನೀರಿನ ಟಾರ್ಚ್ (ಕೂಲರ್ ಎಂಬ ಪೆಟ್ಟಿಗೆಯಿಂದ ನೀರು ಸುತ್ತಿಸಿ ತಣ್ಣಗಿಡುವ ಟಾರ್ಚ್) ಕುರಿತೇ ಇವೆ. ಹೆಸರು ಬಿಟ್ಟು ಊರು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ಹಾಲಿನ ಟ್ಯಾಂಕು, ಕಾಫಿ ತೊಳೆಯುವ ತೊಟ್ಟಿ ಇಂಥ ಸ್ಟೀಲ್ ಕೆಲಸ ನಮ್ಮದು. ನೀರಿನ ಟಾರ್ಚ್ ಹೊಸದಾಗಿ ಹಾಕಿದೆವು. ಲಾರಿ ರೇಡಿಯೇಟರ್‌ಗೆ ತಂದಿದ್ದ ಹಸಿರು ಕೂಲೆಂಟ್ ಮಿಕ್ಕಿತ್ತು, ಅದನ್ನೇ ಕೂಲರ್‌ಗೆ ಸುರಿದೆವು. ಎರಡು ತಿಂಗಳು ತೊಂದರೆ ಇರಲಿಲ್ಲ. ಈಗ ಬಟನ್ ಒತ್ತಿದರೆ ಆರ್ಕ್ ಹೊತ್ತಿಕೊಳ್ಳುವುದಿಲ್ಲ, ಟಂಗ್‌ಸ್ಟನ್ (ಟಾರ್ಚ್ ತುದಿಯ ಕಡ್ಡಿ) ತಾಗಿಸಿ ಎಬ್ಬಿಸಬೇಕು. ಮೆಷಿನ್ ರಿಪೇರಿಗೆ ಕೊಡಬೇಕೇ? – ಹಾಸನ

ಉತ್ತರ: ಮೆಷಿನ್ ಬಿಚ್ಚಿಸುವ ಮೊದಲು ಒಂದು ಪರೀಕ್ಷೆ ಮಾಡಿ. ನೀರಿನ ಟಾರ್ಚ್ ಕಳಚಿ, ಹಳೆಯ ಗಾಳಿ ಟಾರ್ಚ್ (ನೀರಿಲ್ಲದ 17 ಅಥವಾ 26 ನಂಬರಿನ ಮಾಡೆಲ್) ಇದ್ದರೆ ಅದನ್ನು ಹಾಕಿ ಬಟನ್ ಒತ್ತಿ. ಅದರಲ್ಲಿ ಕಿಡಿ ಚಟ್ ಎಂದು ಹಾರಿದರೆ ಮೆಷಿನ್ ಸರಿ ಇದೆ, ತಪ್ಪು ನೀರಿನ ಕಡೆ. ಅದರಲ್ಲೂ ಹಾರದಿದ್ದರೆ ಮಾತ್ರ ಅರ್ತ್ ಕ್ಲ್ಯಾಂಪ್, ಸ್ಪಾರ್ಕ್ ಗ್ಯಾಪ್, ಎಚ್.ಎಫ್. (ಆರ್ಕ್ ಹೊತ್ತಿಸುವ ಹೈ-ಫ್ರೀಕ್ವೆನ್ಸಿ ಕಿಡಿ) ಬೋರ್ಡ್ ಕಡೆ ಹೋಗಿ.

ಕೂಲೆಂಟಿಗೂ ಕಿಡಿಗೂ ಏನು ಸಂಬಂಧ ಎಂದು ಕೇಳಬಹುದು. ಟಾರ್ಚ್‌ನ ಪವರ್ ಕೇಬಲ್ಲನ್ನು ಕೈಯಲ್ಲಿ ಹಿಡಿದು ನೋಡಿ. ಪಕ್ಕದ ಅರ್ತ್ ಕೇಬಲ್ ಹೆಬ್ಬೆರಳಿನಷ್ಟು ದಪ್ಪ, ಇದು ಮೆತ್ತಗೆ ಬಳುಕುವ ರಬ್ಬರ್ ಪೈಪು. ಒಳಗೆ ಹೆಣೆದ ತೆಳುವಾದ ತಾಮ್ರ, ಅದರ ಸುತ್ತಲೇ ವಾಪಸ್ ಬರುವ ನೀರು. ಅಷ್ಟು ತೆಳು ತಾಮ್ರ 200 ಆಂಪ್ ಹೊರುವುದು ನೀರು ಹರಿಯುತ್ತಿರುವುದರಿಂದ ಮಾತ್ರ. ಅಂದರೆ ಕೂಲೆಂಟು ಕರೆಂಟಿನ ತಂತಿಗೆ ಮೈ ತಾಗಿಸಿಕೊಂಡೇ ಓಡುತ್ತಿದೆ. ಬಟನ್ ಒತ್ತಿದಾಗ ಎಚ್.ಎಫ್. ಕೆಲವು ಸಾವಿರ ವೋಲ್ಟಿನಲ್ಲಿ ಟಂಗ್‌ಸ್ಟನ್ ತುದಿಯಿಂದ ತಗಡಿಗೆ ಹಾರಬೇಕು. ದ್ರವದಲ್ಲಿ ಕರೆಂಟ್ ಹರಿಯುವಂತಿದ್ದರೆ ಅದು ಸಲೀಸಾದ ದಾರಿ ಹಿಡಿದು ಪೈಪಿನುದ್ದಕ್ಕೂ ಕೂಲರ್‌ನ ರೇಡಿಯೇಟರ್, ಪಂಪು, ಅಲ್ಲಿಂದ ಅರ್ತ್‌ಗೆ ಇಳಿದುಹೋಗುತ್ತದೆ. ತುದಿಯಲ್ಲಿ ಹಾರಲು ಉಳಿಯುವುದು ಬಡಕಲು ಕಿಡಿ.

ರೇಡಿಯೇಟರ್ ಕೂಲೆಂಟಿನಲ್ಲಿ ತುಕ್ಕು ತಡೆಯಲು ಲವಣಗಳನ್ನು ಬೆರೆಸಿರುತ್ತಾರೆ. ಎಂಜಿನ್‌ಗೆ ಅದು ಒಳ್ಳೆಯದೇ, ಅಲ್ಲಿ ಎಚ್.ಎಫ್. ಎಂಬುದಿಲ್ಲ. ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣವನ್ನು ಪಿಪಿಎಂನಲ್ಲಿ ತೋರಿಸುವ ಸಾಧನ) ಅದ್ದಿದರೆ ಈ ಕೂಲೆಂಟು ಸಾಮಾನ್ಯವಾಗಿ ಸಾವಿರ ದಾಟುತ್ತದೆ. ನಿಮ್ಮಲ್ಲಿ ಕರೆಂಟ್ ಸೋರಿಕೆ ಮೊದಲ ದಿನದಿಂದಲೂ ಇತ್ತು, ದ್ರವ ಇಷ್ಟು ಕೆಟ್ಟಿರದಿದ್ದರಿಂದ ಗೊತ್ತಾಗಲಿಲ್ಲ. ಸೋರುವ ಕರೆಂಟಿಗೆ ತಾಮ್ರ, ಹಿತ್ತಾಳೆ ಸ್ವಲ್ಪಸ್ವಲ್ಪವೇ ಕರಗಿ ದ್ರವ ಇನ್ನಷ್ಟು ಕೆಡುತ್ತದೆ. ಟ್ಯಾಂಕಿನ ತಳ ಬೆರಳಿನಿಂದ ಉಜ್ಜಿ ನೋಡಿ, ನೀಲಿ-ಹಸಿರು ಗಸಿ ಸಿಗಬಹುದು. ಅದೇ ಗಸಿ ಟಾರ್ಚ್ ತಲೆಯೊಳಗಿನ ಕಿರಿದಾದ ದಾರಿಯಲ್ಲಿ ಕೂತರೆ ಮುಂದಿನ ಪಾಳಿ ಟಾರ್ಚಿನದು. 'ಸೋರಿಕೆ ನಿಲ್ಲಿಸುತ್ತದೆ' ಎಂದು ಡಬ್ಬಿಯ ಮೇಲೆ ಬರೆದಿರುವ ಕೂಲೆಂಟಾದರೆ ಇನ್ನೂ ಕೆಟ್ಟದ್ದು. ಅದು ರೇಡಿಯೇಟರಿನ ತೂತು ಮುಚ್ಚುವ ಹಾಗೆಯೇ ಟಾರ್ಚಿನ ತೂತನ್ನೂ ಮುಚ್ಚುತ್ತದೆ.

ತೊಳೆಯುವುದು ಹೀಗೆ. ಮೆಷಿನ್‌ನ ಮೇನ್ ಸ್ವಿಚ್ ಆಫ್ ಮಾಡಿ ಟ್ಯಾಂಕ್ ಪೂರ್ತಿ ಬಸಿಯಿರಿ. ಟಾರ್ಚನ್ನು ಕಳಚಿ, ಕೂಲರ್‌ನ ನೀಲಿ (ನೀರು ಹೋಗುವ), ಕೆಂಪು (ವಾಪಸ್ ಬರುವ) ಎರಡೂ ಬಾಯಿಗೆ ಒಂದೇ ತುಂಡು ಪೈಪು ಸಿಕ್ಕಿಸಿ. ಟಾರ್ಚ್ ಇಟ್ಟುಕೊಂಡೇ ತೊಳೆದರೆ ಕಿತ್ತು ಬಂದ ಗಸಿ ನೇರ ಅದರ ತಲೆಗೆ ಹೋಗಿ ಕೂರುತ್ತದೆ. ಬ್ಯಾಟರಿ ನೀರು 3 ಲೀಟರ್ ಹಾಕಿ, ಪಂಪ್ ಮಾತ್ರ ಓಡುವಂತೆ 10 ನಿಮಿಷ ಸುತ್ತಿಸಿ ಚೆಲ್ಲಿ. ಚೆಲ್ಲುವ ನೀರಿಗೆ ಮೀಟರ್ ಅದ್ದಿ. 50ರ ಒಳಗೆ ಬರುವವರೆಗೆ ಇದೇ ಕೆಲಸ, ಸಾಮಾನ್ಯವಾಗಿ ಮೂರು ಸಲ. ಜಾಲರಿ ಫಿಲ್ಟರ್ ಬಿಚ್ಚಿ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಟಾರ್ಚ್‌ಗೆ ಬೇರೆಯಾಗಿ, ವಾಪಸ್ ಬರುವ ಕಡೆಯಿಂದ ಉಲ್ಟಾ ನೀರು ಬಿಟ್ಟು ತೊಳೆಯಿರಿ.

ತೊಳೆದು ತುಂಬಿಸಿದ ಮೇಲೆ ಹರಿವು ಅಳೆಯದೆ ಆರ್ಕ್ ಹೊಡೆಯಬೇಡಿ. ಕೆಂಪು ಪೈಪನ್ನು ಕೂಲರ್‌ನಿಂದ ಬಿಡಿಸಿ, ಒಂದು ಲೀಟರ್ ಬಾಟಲಿಗೆ ಹಿಡಿದು ಪಂಪ್ ಹಾಕಿ. ಒಂದು ನಿಮಿಷದೊಳಗೆ ಬಾಟಲಿ ತುಂಬಬೇಕು. ಒಂದೂವರೆ ನಿಮಿಷ ಹಿಡಿದರೆ ಪೈಪ್ ಎಲ್ಲೋ ಮಡಚಿದೆ, ಇಲ್ಲವೇ ಗಾಳಿ ಸಿಕ್ಕಿಕೊಂಡಿದೆ, ಇಲ್ಲವೇ ತಲೆ ಕಟ್ಟಿದೆ. ಹರಿವು ಸಾಲದೆ 'ವಾಟರ್' ಎರರ್ ಬರುತ್ತದೆಂದು ಫ್ಲೋ ಸ್ವಿಚ್‌ನ (ಹರಿವು ನಿಂತರೆ ಮೆಷಿನ್ ತಡೆಯುವ ಸ್ವಿಚ್) ಎರಡು ವೈರು ಸೇರಿಸಿ ಸುತ್ತಿಬಿಡುವ ಚಾಳಿ ಹಲವು ಕಡೆ ಇದೆ. ನೀರು ನಿಂತ ಟಾರ್ಚ್‌ಗೆ 200 ಆಂಪ್ ಕೊಟ್ಟರೆ ಕೇಬಲ್ ಒಳಗಿನಿಂದ ಸುಡುವುದಕ್ಕೆ ಹೆಚ್ಚು ಹೊತ್ತು ಬೇಡ.

ಪ್ರಶ್ನೆ: ಬೋರ್ ನೀರು ಹಾಕಿದರೆ ಟ್ಯಾಂಕಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಫಿಲ್ಟರ್ (ಆರ್.ಒ.) ನೀರು ನಡೆಯುತ್ತದೆಯೇ, ಬ್ಯಾಟರಿ ನೀರೇ ಬೇಕೇ? ವೆಲ್ಡಿಂಗ್ ಕೂಲೆಂಟ್ ಎಂದು ದುಬಾರಿ ಡಬ್ಬಿ ಮಾರುತ್ತಾರೆ, ಅದು ಬರೀ ಮೋಸವೇ? – ಅರಸೀಕೆರೆ

ಉತ್ತರ: ಮೋಸವಲ್ಲ, ಆದರೆ ಎಲ್ಲರಿಗೂ ಬೇಕಾಗುವುದೂ ಇಲ್ಲ.

ನಿಮ್ಮ ಕಡೆಯ ಬೋರ್ ನೀರು ಸ್ನಾನದ ಹಂಡೆಗೆ ಏನು ಮಾಡುತ್ತದೋ ಟಾರ್ಚ್‌ಗೂ ಅದನ್ನೇ ಮಾಡುತ್ತದೆ. ಅತಿ ಬಿಸಿಯಾಗುವ ಜಾಗದಲ್ಲಿ ಸುಣ್ಣ ಮೊದಲು ಕಟ್ಟುತ್ತದೆ, ಅದು ಟಾರ್ಚ್ ತಲೆ. ಆರ್.ಒ. ನೀರು ಕುಡಿಯಲು ಮಾಡಿದ್ದು, ರುಚಿಗಾಗಿ ಸ್ವಲ್ಪ ಲವಣ ಉಳಿಸಿರುತ್ತಾರೆ. ಮೀಟರ್‌ನಲ್ಲಿ 30ರಿಂದ 80 ತೋರಿಸುವುದು ಮಾಮೂಲು. ಬ್ಯಾಟರಿ ನೀರು ಸಿಗದ ದಿನ ನಡೆಸಬಹುದು, ಕಾಯಂ ಬೇಡ. ಬ್ಯಾಟರಿ ನೀರಿಗೆ ಐ.ಎಸ್. 1069 ಎಂಬ ಭಾರತೀಯ ಮಾನಕವೇ ಇದೆ. ಒಳ್ಳೆಯ ಕ್ಯಾನ್ ಆದರೆ ಮೀಟರ್ 0ಯಿಂದ 5ರೊಳಗೆ ನಿಲ್ಲುತ್ತದೆ. 40 ತೋರಿಸಿದರೆ ಕ್ಯಾನ್ ಮೇಲೆ ಏನೇ ಬರೆದಿರಲಿ, ಅಂಗಡಿಗೆ ವಾಪಸ್ ಮಾಡಿ. ಇನ್ನೊಂದು ಮಾತು: ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ಡೂ ಅಂಥದೇ ಕ್ಯಾನಿನಲ್ಲಿ ಇರುತ್ತದೆ. ಹುಡುಗರನ್ನು ಕಳಿಸುವಾಗ 'ಬ್ಯಾಟರಿಗೆ ಹಾಕುವುದು ಕೊಡಿ' ಎಂದಷ್ಟೇ ಹೇಳಿ ಕಳಿಸಬೇಡಿ.

ಹಾಗಾದರೆ ಡಬ್ಬಿಯ ಕೂಲೆಂಟ್ ಯಾಕೆ? ಬರೀ ಶುದ್ಧ ನೀರಿಗೆ ಲೋಹವನ್ನು ಕಾಪಾಡುವ ಗುಣವಿಲ್ಲ, ಸಿಕ್ಕ ಲೋಹದಿಂದ ಸ್ವಲ್ಪ ಸ್ವಲ್ಪ ಕರಗಿಸಿಕೊಳ್ಳುತ್ತಾ ಹೋಗುತ್ತದೆ. ಟಾರ್ಚ್ ತಾಮ್ರ, ಜಾಯಿಂಟು ಹಿತ್ತಾಳೆ, ಎಷ್ಟೋ ಕೂಲರ್‌ಗಳ ರೇಡಿಯೇಟರ್ ಅಲ್ಯೂಮಿನಿಯಂ. ಕರಗಿದ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತರೆ ಅಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ವೆಲ್ಡಿಂಗ್ ಕೂಲೆಂಟಿನಲ್ಲಿ ಕರೆಂಟ್ ಹರಿಯಗೊಡದೆಯೇ ತುಕ್ಕು ತಡೆಯುವ ಔಷಧಿ ಬೆರೆಸಿರುತ್ತಾರೆ, ಪಂಪಿಗೂ ಸ್ವಲ್ಪ ಜಾರುವಿಕೆ ಸಿಗುತ್ತದೆ. ನಮ್ಮ ಅಭಿಪ್ರಾಯ ಇಷ್ಟು: ದಿನವಿಡೀ ಟಾರ್ಚ್ ಓಡುವ ಶೆಡ್‌ಗೆ, ಅಲ್ಯೂಮಿನಿಯಂ ರೇಡಿಯೇಟರ್ ಇದ್ದವರಿಗೆ ಡಬ್ಬಿಯದೇ ಸರಿ, ವರ್ಷಕ್ಕೊಮ್ಮೆ ಬದಲಿಸಿ. ವಾರಕ್ಕೆ ಎರಡು ದಿನದ ಕೆಲಸಕ್ಕೆ ಬ್ಯಾಟರಿ ನೀರು ಸಾಕು, ಮೂರು ತಿಂಗಳಿಗೊಮ್ಮೆ ಬದಲಿಸಿ. ಹಾಕಿದ ದಿನದ ಮೀಟರ್ ಅಂಕಿಯನ್ನು ಟ್ಯಾಂಕಿನ ಮೇಲೆಯೇ ಮಾರ್ಕರಿನಲ್ಲಿ ಬರೆದಿಡಿ. ಬ್ಯಾಟರಿ ನೀರು ಮೂರು ತಿಂಗಳಿಗೆ ಮೊದಲೇ 100 ದಾಟಿದರೆ ಕಾಯಬೇಡಿ.

ಕೊಳ್ಳುವಾಗ ಲೇಬಲ್ ಮೇಲೆ 'ಲೋ ಕಂಡಕ್ಟಿವಿಟಿ' ಎಂದಿದೆಯೇ, ಟಿಗ್ (ಆರ್ಗಾನ್ ವೆಲ್ಡಿಂಗ್) ಹಾಗೂ ಎಚ್.ಎಫ್.ಗೆ ಆಗುತ್ತದೆ ಎಂದಿದೆಯೇ ನೋಡಿ. ಮಿಗ್‌ಗೆಂದೇ (ತಂತಿ ತಾನಾಗಿ ಬರುವ ವೆಲ್ಡಿಂಗ್) ಮಾಡಿದ, ಅಲ್ಯೂಮಿನಿಯಂ ಕಾಪಾಡುವ ಬೇರೆ ಜಾತಿಯ ಕೂಲೆಂಟೂ ಇದೆ, ಎಚ್.ಎಫ್. ಇರುವಲ್ಲಿ ಅದು ಬೇಡ. ರೆಡಿಮೇಡ್ ಕೂಲೆಂಟಿಗೆ ಉಳಿತಾಯಕ್ಕೆಂದು ನೀರು ಬೆರೆಸಬೇಡಿ. ಅದರಲ್ಲಿರುವ ಗ್ಲೈಕಾಲ್ (ಹೆಪ್ಪುಗಟ್ಟದಂತೆ ಬೆರೆಸುವ ದ್ರವ) ಶೇ. 20ಕ್ಕಿಂತ ತೆಳುವಾದರೆ ಸೂಕ್ಷ್ಮಜೀವಿಗಳನ್ನು ತಡೆಯುವ ಬದಲು ಅವಕ್ಕೆ ಊಟವಾಗುತ್ತದೆ, ಟ್ಯಾಂಕು ಲೋಳೆಗಟ್ಟಿ ನಾರುತ್ತದೆ.

ಇನ್ನು 'ಹೆಪ್ಪುಗಟ್ಟುವುದಿಲ್ಲ, ಮೈನಸ್ 20ರವರೆಗೂ ಖಾತ್ರಿ' ಎಂಬ ಜಾಹೀರಾತಿಗೆ ಮರುಳಾಗಬೇಡಿ. ನಮ್ಮ ಎರಡೂ ಜಿಲ್ಲೆಯ ಯಾವ ವರ್ಕ್‌ಶಾಪಿನಲ್ಲೂ ಟ್ಯಾಂಕಿನ ನೀರು ಹೆಪ್ಪುಗಟ್ಟುವ ಚಳಿ ಬೀಳುವುದಿಲ್ಲ. ಅದಕ್ಕೆಂದು ಗ್ಲೈಕಾಲ್ ಹೆಚ್ಚಿಸಿದರೆ ನಷ್ಟವೇ. ಒಂದು ಕೆ.ಜಿ. ನೀರು ಒಂದು ಡಿಗ್ರಿ ಏರಲು 4.18 ಕಿಲೋಜೂಲ್ ಶಾಖ ಹೀರುತ್ತದೆ, ಅರ್ಧಕ್ಕರ್ಧ ಎಥಿಲೀನ್ ಗ್ಲೈಕಾಲ್ ಬೆರೆತರೆ ಸುಮಾರು 3.4 ಮಾತ್ರ. ದ್ರವವೂ ಮೂರು ಪಟ್ಟಿಗಿಂತ ಹೆಚ್ಚು ಮಂದವಾಗುತ್ತದೆ, ಸಣ್ಣ ಪಂಪು ಅದನ್ನು ತಳ್ಳಲು ಏದುಸಿರು ಬಿಡುತ್ತದೆ.

ಈಗಾಗಲೇ ಕಟ್ಟಿರುವ ಬಿಳಿ ಪುಡಿಗೆ: ಒಂದು ಲೀಟರ್ ನೀರಿಗೆ 20 ಗ್ರಾಂ ಸಿಟ್ರಿಕ್ ಆಸಿಡ್ (ದಿನಸಿ ಅಂಗಡಿಯ ನಿಂಬೆ ಉಪ್ಪು) ಕರಗಿಸಿ, ಟಾರ್ಚ್ ಇಲ್ಲದೆ 20 ನಿಮಿಷ ಸುತ್ತಿಸಿ. ಆಮೇಲೆ ಮೇಲಿನ ಉತ್ತರದಲ್ಲಿ ಹೇಳಿದಂತೆ ತೊಳೆಯಿರಿ. ಕಕ್ಕಸು ತೊಳೆಯುವ ಆಸಿಡ್ ಹತ್ತಿರಕ್ಕೂ ತರಬೇಡಿ, ಅಲ್ಯೂಮಿನಿಯಂ ರೇಡಿಯೇಟರ್ ಒಂದೇ ದಿನದಲ್ಲಿ ಹಾಳಾದೀತು.

ಪ್ರಶ್ನೆ: ಟ್ಯಾಂಕಿನಲ್ಲಿ ಪಾಚಿ ಕಟ್ಟುತ್ತಿದೆ. ತೋಟದ ಸ್ಪ್ರೇಗೆ ತಂದ ಮೈಲುತುತ್ತ ಚಿಟಿಕೆ ಹಾಕಿದರೆ ಹೋಗುತ್ತದೆ ಎನ್ನುತ್ತಾರೆ. ಮಳೆಗಾಲದಲ್ಲಿ ಸೂರಿನ ನೀರನ್ನೇ ಬಳಸಬಹುದೇ? – ಮೂಡಿಗೆರೆ

ಉತ್ತರ: ಮೈಲುತುತ್ತ ಪಾಚಿಯನ್ನು ಕೊಲ್ಲುವುದು ನಿಜ, ಆದರೂ ಹಾಕಬೇಡಿ. ಅದು ತಾಮ್ರದ ಸಲ್ಫೇಟು. ಚಿಟಿಕೆ ಬಿದ್ದರೂ ನೀರಿನಲ್ಲಿ ಕರೆಂಟ್ ಹರಿಯತೊಡಗುತ್ತದೆ, ತಾಮ್ರ ಹೋಗಿ ಅಲ್ಯೂಮಿನಿಯಂ, ಕಬ್ಬಿಣದ ಭಾಗಗಳ ಮೇಲೆ ಕೂರುತ್ತದೆ. ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತವನ್ನು ಕಬ್ಬಿಣದ ಬಕೆಟ್ಟಿನಲ್ಲಿ ಕರಗಿಸಬಾರದು ಎಂದು ತೋಟದವರಿಗೆ ಗೊತ್ತೇ ಇದೆ. ಕಾರಣ ಅದೇ.

ಪಾಚಿಗೆ ಬೇಕಾದದ್ದು ಬೆಳಕು. ನಿಮ್ಮದು ಬೆಳಕು ಹಾಯುವ ಬಿಳಿ ಪ್ಲಾಸ್ಟಿಕ್ ಟ್ಯಾಂಕಾದರೆ ಹೊರಗಡೆಗೆ ಕಪ್ಪು ಬಣ್ಣ ಬಳಿಯಿರಿ, ಮಟ್ಟ ನೋಡಲು ಎರಡು ಬೆರಳಗಲದ ಪಟ್ಟಿ ಬಿಟ್ಟು ಅದಕ್ಕೆ ಟೇಪ್ ಮುಚ್ಚಿ. ಮುಚ್ಚಳ ಹಾಕಿಯೇ ಇರಲಿ.

ಸೂರಿನ ನೀರಿನಲ್ಲಿ ಲವಣ ಕಡಿಮೆ, ಆದರೆ ಹೆಂಚಿನ ಪಾಚಿ, ಎಲೆ ಕೊಳೆತ ಕಂದು ರಸ, ತಗಡಿನ ತುಕ್ಕು ಎಲ್ಲ ಜೊತೆಗೇ ಬರುತ್ತದೆ. ಆಷಾಢದ ಮಳೆ ಹಿಡಿದು ನಾಲ್ಕು ದಿನವಾದ ಮೇಲೆ ಅಂಗಳದಲ್ಲಿ ಪ್ಲಾಸ್ಟಿಕ್ ಟಬ್ ಇಟ್ಟು, ಸೂರಿಗೆ ತಾಗದೆ ನೇರ ಬಿದ್ದ ನೀರನ್ನು ಬಟ್ಟೆಯಲ್ಲಿ ಸೋಸಿ, ಮೀಟರ್ 20ರೊಳಗೆ ಇದ್ದರೆ ತುರ್ತಿಗೆ ಹಾಕಿ.

ಪ್ರಶ್ನೆ: ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ರಿಪೇರಿ ಮಾಡುತ್ತೇವೆ. ಟಾರ್ಚ್ ಕೈ ಸುಡುತ್ತದೆಂದು ಟ್ಯಾಂಕಿಗೆ ಐಸ್ ಹಾಕಿದೆವು. ಮಳೆಗಾಲದಲ್ಲಿ ಬೆಸುಗೆ ತುಂಬ ಬ್ಲೋ ಹೋಲ್ (ಸಣ್ಣ ತೂತು). ಗ್ಯಾಸ್ ಸಿಲಿಂಡರ್ ಬದಲಿಸಿದರೂ ಅದೇ ಕತೆ. – ಸಕಲೇಶಪುರ

ಉತ್ತರ: ಐಸ್ ನಿಲ್ಲಿಸಿ. ಮಳೆಗಾಲದಲ್ಲಿ ತಣ್ಣಗಿನ ಸ್ಟೀಲ್ ಲೋಟದ ಮೇಲೆ ಹೊರಗಡೆ ನೀರು ಬೆವರುವುದನ್ನು ನೋಡಿದ್ದೀರಿ. ಐಸ್ ನೀರು ಹರಿಯುವ ಟಾರ್ಚ್ ತಲೆಯೂ, ಸಿರಾಮಿಕ್ ಕಪ್ ಒಳಗೂ, ಟಂಗ್‌ಸ್ಟನ್ ಹಿಡಿಯುವ ಕಾಲೆಟ್ ಮೇಲೂ ಹಾಗೆಯೇ ಬೆವರುತ್ತದೆ. ಆ ಹನಿ ಆರ್ಕ್‌ನಲ್ಲಿ ಒಡೆದು ಹೈಡ್ರೋಜನ್ ಆಗುತ್ತದೆ. ಕರಗಿದ ಅಲ್ಯೂಮಿನಿಯಂ ಅದನ್ನು ಧಾರಾಳವಾಗಿ ಹೀರಿಕೊಂಡು, ಗಟ್ಟಿಯಾಗುವಾಗ ಹೊರಗೆ ತಳ್ಳುತ್ತದೆ. ಅದೇ ನಿಮ್ಮ ಬ್ಲೋ ಹೋಲ್. ಟ್ಯಾಂಕಿನ ನೀರು ಶೆಡ್‌ನ ಗಾಳಿಗಿಂತ ತಣ್ಣಗಿರಬಾರದು. ಕೈಗೆ ಬೆಚ್ಚಗೆ ತಾಗಿದರೆ ಹೆದರಬೇಕಾಗಿಲ್ಲ, 50 ಡಿಗ್ರಿ ಮೀರದಿದ್ದರೆ ಸಾಕು.

ಐಸ್ ನಿಲ್ಲಿಸಿದ ಮೇಲೂ ತೂತು ಬಂದರೆ ಟಾರ್ಚ್ ಒಳಗೇ ಸೋರುತ್ತಿರಬಹುದು. ಮೆಷಿನ್‌ನ ಮೇನ್ ಆಫ್ ಮಾಡಿ ಕಪ್, ಕಾಲೆಟ್ ಬಿಚ್ಚಿ, ಕೂಲರ್ ಮಾತ್ರ ಹತ್ತು ನಿಮಿಷ ಓಡಿಸಿ, ತಲೆಗೆ ಟಿಶ್ಯೂ ಕಾಗದ ಒತ್ತಿ ನೋಡಿ. ಒದ್ದೆಯಾದರೆ ಆ ತಲೆ ಬದಲಿಸುವುದೇ ದಾರಿ, ಎಂ-ಸೀಲ್ ಹಚ್ಚಿ ಪ್ರಯೋಜನವಿಲ್ಲ.

ಕೈ ಸುಡುವುದಕ್ಕೆ ಕಾರಣ ಬೇರೆ. ಅಲ್ಯೂಮಿನಿಯಂಗೆ ಎಸಿಯಲ್ಲಿ ಬೆಸೆಯುವಾಗ ಟಂಗ್‌ಸ್ಟನ್‌ಗೆ ಡಿಸಿಗಿಂತ ಹೆಚ್ಚು ಶಾಖ ಬೀಳುತ್ತದೆ. ನಿಮಿಷಕ್ಕೆ ಒಂದು ಲೀಟರ್ ಹರಿದರೆ, ಹತ್ತು ಡಿಗ್ರಿ ಏರಿಕೆಗೆ ಸುಮಾರು 700 ವ್ಯಾಟ್ ಶಾಖ ಹೊತ್ತೊಯ್ಯುತ್ತದೆ. ಹರಿವು ಅರ್ಧವಾದರೆ ಅಷ್ಟೇ ಶಾಖಕ್ಕೆ ಇಪ್ಪತ್ತು ಡಿಗ್ರಿ ಏರಬೇಕು. ಬಾಟಲಿ ಹಿಡಿದು ಅಳೆಯಿರಿ, ರೇಡಿಯೇಟರ್ ಸಂದಿಯ ಗ್ರೈಂಡಿಂಗ್ ಧೂಳು ಊದಿ ತೆಗೆಯಿರಿ, ಮೆಷಿನ್‌ನಲ್ಲಿ ಎಸಿ ಬ್ಯಾಲೆನ್ಸ್ ಇದ್ದರೆ ಕ್ಲೀನಿಂಗ್ ಪಾಲು (ಅಲ್ಯೂಮಿನಿಯಂ ಮೇಲಿನ ಪೊರೆ ಕೀಳುವ ಪಾಲು) ಸ್ವಲ್ಪ ಇಳಿಸಿ.

ಪ್ರಶ್ನೆ: ಬಕೆಟ್ ಮತ್ತು ಏರ್ ಕೂಲರ್‌ನ ಸಣ್ಣ ಪಂಪು ಇಟ್ಟು ನಡೆಸಬಹುದೇ? – ಕಡೂರು

ಉತ್ತರ: ಬೇಡ. ಆ ಪಂಪು ನೀರನ್ನು ಆಳೆತ್ತರ ಎತ್ತುವುದೇ ಹೆಚ್ಚು, ನಾಲ್ಕು ಮೀಟರ್ ಉದ್ದದ ಸಣ್ಣ ಪೈಪಿನೊಳಗೆ ಒತ್ತಿ ಕಳಿಸುವ ಶಕ್ತಿ ಅದಕ್ಕಿಲ್ಲ. ಜೊತೆಗೆ 230 ವೋಲ್ಟಿನ ಪಂಪು ಮುಳುಗಿರುವ ನೀರೇ ನಿಮ್ಮ ಕೈಯ ಟಾರ್ಚ್‌ಗೆ ಹೋಗುತ್ತದೆ. ಕೂಲರ್ ಕೊಳ್ಳುವವರೆಗೆ ಗಾಳಿ ಟಾರ್ಚ್‌ನಲ್ಲಿ 120 ಆಂಪ್ ಒಳಗಿನ ಕೆಲಸ ಮಾಡಿ.

ಪ್ರಶ್ನೆ: ಲೇಥ್‌ಗೆ ಹಾಕುವ ಬಿಳಿ ಕೂಲೆಂಟ್ ಆಗುತ್ತದೆಯೇ? – ಬೇಲೂರು

ಉತ್ತರ: ಇಲ್ಲ. ಹೆಸರೊಂದೇ, ವಸ್ತು ಬೇರೆ. ಅದು ನೀರಿನಲ್ಲಿ ಕದಡಿದ ಎಣ್ಣೆ. ಟಾರ್ಚ್ ಪೈಪಿನ ರಬ್ಬರ್ ಉಬ್ಬುತ್ತದೆ, ನಿಂತರೆ ಕೊಳೆಯುತ್ತದೆ.

ಪ್ರಶ್ನೆ: ಬಸಿದ ಹಳೆಯ ಹಸಿರು ಕೂಲೆಂಟನ್ನು ಚರಂಡಿಗೆ ಬಿಡಬಹುದೇ? – ಚಿಕ್ಕಮಗಳೂರು

ಉತ್ತರ: ಚರಂಡಿಗೂ ಬೇಡ, ಗಿಡದ ಬುಡಕ್ಕೂ ಬೇಡ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಅದಕ್ಕೇ ಅಪಾಯ. ನಾಯಿ, ದನ ನೆಕ್ಕುತ್ತವೆ. ಹತ್ತು ಕೆ.ಜಿ. ತೂಕದ ನಾಯಿಗೆ ಸಣ್ಣ ಕಾಫಿ ಲೋಟದಷ್ಟು ಹೊಟ್ಟೆಗೆ ಹೋದರೆ ಮೂತ್ರಪಿಂಡ ಕೆಟ್ಟು ಸಾಯಬಹುದು. ನೆಲಕ್ಕೆ ಚೆಲ್ಲಿದ್ದರ ಮೇಲೆ ಮರದ ಹೊಟ್ಟು ಹಾಕಿ ಬಳಿದು ತೆಗೆಯಿರಿ. ಬಸಿದದ್ದನ್ನು ಬಿಗಿ ಮುಚ್ಚಳದ ಕ್ಯಾನಿಗೆ ಹಾಕಿ 'ವಿಷ' ಎಂದು ದೊಡ್ಡದಾಗಿ ಬರೆದು, ಹಳೆಯ ಎಂಜಿನ್ ಆಯಿಲ್, ಕೂಲೆಂಟನ್ನು ಪರವಾನಗಿ ಇದ್ದವರಿಗೆ ಒಪ್ಪಿಸುವ ಗ್ಯಾರೇಜಿಗೆ ಕೊಡಿ. ಕುಡಿಯುವ ನೀರಿನ ಬಾಟಲಿಯಲ್ಲಂತೂ ತುಂಬಿಡಬೇಡಿ.