ಸ್ಟೀರಾಯ್ಡ್ ಗುಳಿಗೆಯಿಂದ ಮೂಳೆ ಟೊಳ್ಳಾಗುತ್ತದಾ? ಅತ್ತೆಗೆ ಗುಳಿಗೆ ನಿಲ್ಲಿಸಬೇಕಾ?

ನಿಮ್ಮ ಅತ್ತೆಯವರಿಗೆ ರುಮಟಾಯ್ಡ್ ಸಂಧಿವಾತ, ನಾಲ್ಕು ತಿಂಗಳಿಂದ ದಿನಕ್ಕೆ 10 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ತಗೊಳ್ಳುತ್ತಿದ್ದಾರೆ, ಮೂಳೆ ಸವೆಯುತ್ತದೆ ಅಂತ ಯಾರೋ ಹೆದರಿಸಿದ್ದಕ್ಕೆ ಬಿಟ್ಟುಬಿಡ್ತೀನಿ ಅಂತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಒಮ್ಮೆಲೇ ಬಿಡಿಸಬೇಡಿ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಇದೇ ಜಾತಿಯ ಕಾರ್ಟಿಸೋಲ್ ಎಂಬ ಹಾರ್ಮೋನನ್ನು ದಿನಾ ತಯಾರಿಸುತ್ತದೆ. ತಿಂಗಳುಗಟ್ಟಲೆ ಹೊರಗಿನಿಂದ ಬರುತ್ತಿದ್ದರೆ ಅದು ಕೆಲಸ ಮರೆತುಬಿಡುತ್ತದೆ. ಆಗ ಗುಳಿಗೆ ತಟ್ಟನೆ ನಿಂತರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಕಡಿಮೆ ಮಾಡುವುದಿದ್ದರೆ ಡಾಕ್ಟರು ಹೇಳಿದ ಲೆಕ್ಕದಲ್ಲಿ, ಸ್ವಲ್ಪ ಸ್ವಲ್ಪವೇ.

ನಾನು ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಆದರೆ ಈ ವಿಷಯ ನನಗೆ ಮನಸ್ಸಿಗೆ ತಟ್ಟಿದ್ದು ಪಾಠದಿಂದಲ್ಲ, ಅವ್ವನಿಂದ. ಅವಳು ಜಗಳೂರು ಕಡೆಯ ಹಳ್ಳಿಯಲ್ಲಿದ್ದಳು. ಸಂತೆಯಲ್ಲಿ ಒಬ್ಬರು ಕೊಡುತ್ತಿದ್ದ ಮೊಣಕಾಲು ನೋವಿನ ಪುಡಿಯನ್ನು ಎರಡು ವರ್ಷ ತಿಂದಳು. ನೋವು ಮಾಯವಾಗಿತ್ತು. ಮುಖ ದುಂಡಗಾಯಿತು. ಮೈತುಂಬಿಕೊಂಡಿದ್ದಾಳೆ ಅಂತ ನಾವೆಲ್ಲ ಖುಷಿಪಟ್ಟೆವು. ಒಂದು ದಿನ ನೀರಿನ ಕೊಡ ಎತ್ತಲು ಬಗ್ಗಿದಳು, ಬೆನ್ನಲ್ಲಿ ಛಳಕ್ ಎಂದಿತು. ಎಕ್ಸ್‌ರೇಯಲ್ಲಿ ಬೆನ್ನೆಲುಬಿನ ಒಂದು ಮಣಿ ಕುಸಿದಿತ್ತು. ಮುಖ ನೋಡಿದ ಕೂಡಲೇ ಡಾಕ್ಟರಿಗೆ ಅನುಮಾನ ಬಂತು. ರಕ್ತ ಪರೀಕ್ಷೆಯಲ್ಲಿ ಅವಳ ಸ್ವಂತ ಕಾರ್ಟಿಸೋಲ್ ತೀರಾ ಕಡಿಮೆ ಇತ್ತು. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿದ್ದರು ಅಂತ ನಮಗೆ ಗೊತ್ತಾಗಿದ್ದು ಹೀಗೆ.

ಮೂಳೆಯೊಳಗೆ ಏನಾಗುತ್ತದೆ ಅಂತ ಕೇಳಿದ್ದೀರಿ. ನಮ್ಮ ಕಡೆಯ ಮಾಳಿಗೆ ಮನೆ ನೋಡಿದ್ದೀರಲ್ವಾ? ಮಳೆಗಾಲಕ್ಕೆ ಮುಂಚೆ ಸಡಿಲವಾದ ಹಳೇ ಮಣ್ಣು ಕೆರೆದು, ಹೊಸ ಮಣ್ಣು ಹಾಕಿ ಗಟ್ಟಿ ಮಾಡುತ್ತಾರೆ. ಮೂಳೆಯೂ ಜೀವ ಇರುವವರೆಗೆ ಹೀಗೇ ರಿಪೇರಿಯಾಗುತ್ತಿರುತ್ತದೆ. ಕೆರೆಯುವ ಜೀವಕೋಶ ಆಸ್ಟಿಯೋಕ್ಲಾಸ್ಟ್. ಹೊಸದಾಗಿ ಕಟ್ಟುವುದು ಆಸ್ಟಿಯೋಬ್ಲಾಸ್ಟ್. ಇನ್ನೊಂದು ಜಾತಿ ಆಸ್ಟಿಯೋಸೈಟ್, ಮೂಳೆಯೊಳಗೇ ಹುದುಗಿಕೊಂಡು ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಭಾರ ಬೀಳುತ್ತಿದೆ ಅಂತ ಸುದ್ದಿ ಮುಟ್ಟಿಸುತ್ತದೆ. ಸ್ಟೀರಾಯ್ಡ್ ಕಟ್ಟುವವರನ್ನು ಹುಟ್ಟಲು ಬಿಡುವುದಿಲ್ಲ, ಇರುವವರನ್ನು ಬೇಗ ಸಾಯಿಸುತ್ತದೆ. ಸುದ್ದಿ ಕೊಡುವವರೂ ಸಾಯುತ್ತಾರೆ. ಕೆರೆಯುವವರ ಆಯಸ್ಸು ಮಾತ್ರ ಹೆಚ್ಚುತ್ತದೆ. ಸಾಲದ್ದಕ್ಕೆ ಕರುಳು ಕ್ಯಾಲ್ಸಿಯಂ ಹೀರುವುದು ಕಡಿಮೆಯಾಗಿ, ಮೂತ್ರದಲ್ಲಿ ಹೋಗುವುದು ಜಾಸ್ತಿಯಾಗುತ್ತದೆ.

ನಷ್ಟ ಅತಿ ವೇಗವಾಗಿ ಆಗುವುದು ಮೊದಲ 3ರಿಂದ 6 ತಿಂಗಳಲ್ಲಿ. ಸ್ಪಂಜಿನಂಥ ಮೂಳೆ ಇರುವ ಬೆನ್ನೆಲುಬು, ಪಕ್ಕೆಲುಬು ಮೊದಲು ಸೋಲುತ್ತವೆ. ಅದಕ್ಕೇ ಮೂಳೆ ಮುರಿಯಲಿ, ಆಮೇಲೆ ನೋಡೋಣ ಅನ್ನುವಂತಿಲ್ಲ. ದಿನಕ್ಕೆ 2.5 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೋಲೋನ್ 3 ತಿಂಗಳು ದಾಟುತ್ತದೆ ಅಂದರೆ ಮೂಳೆಯ ಕಾಳಜಿ ಗುಳಿಗೆಯ ಜೊತೆಯಲ್ಲೇ ಶುರುವಾಗಬೇಕು. ಅತ್ತೆಯವರಿಗೆ ಆಗಲೇ ನಾಲ್ಕು ತಿಂಗಳು. ಈ ವಾರವೇ ಡಾಕ್ಟರನ್ನು ಕಾಣಿ. ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕಾ ಅಂತ ಕೇಳಿ. ಸಂಧಿವಾತವನ್ನೇ ಹತೋಟಿಗೆ ತರುವ ಮೆಥೋಟ್ರೆಕ್ಸೇಟ್‌ನಂಥ ಔಷಧಿಯ ಬಲದಲ್ಲಿ ಸ್ಟೀರಾಯ್ಡ್ ಇಳಿಸಲು ಆಗುತ್ತದಾ ಅಂತಲೂ ಕೇಳಿ. ನಿಯಂತ್ರಣಕ್ಕೆ ಬಾರದ ಸಂಧಿವಾತವೂ ಮೂಳೆ ತಿನ್ನುತ್ತದೆ, ಹಾಗಾಗಿ ಔಷಧಿಯೇ ಬೇಡ ಅನ್ನುವುದು ದಾರಿಯಲ್ಲ.

ಊಟದ ವಿಷಯ. ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮದು ಜೋಳದ ರೊಟ್ಟಿಯ ಸೀಮೆ, ಆದರೆ 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿಲಿಗ್ರಾಂ ಕೂಡ ಇಲ್ಲ. ಅಷ್ಟೇ ರಾಗಿಯಲ್ಲಿ ಸುಮಾರು 350 ಇದೆ. ಒಂದು ಲೋಟ ಹಾಲಿನಲ್ಲಿ 240ರ ಹತ್ತಿರ. ರಾತ್ರಿ ಮುದ್ದೆ, ಮಧ್ಯಾಹ್ನ ಮಜ್ಜಿಗೆ, ವಾರದಲ್ಲಿ ಎರಡು ಸಲ ನುಗ್ಗೆಸೊಪ್ಪು ಮಾಡಿ. ಕಡಿಮೆ ಬಿದ್ದದ್ದಕ್ಕೆ ಮಾತ್ರ ಗುಳಿಗೆ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟವಾದ ಮೇಲೆ ನುಂಗಬೇಕು. ವಿಟಮಿನ್ ಡಿ ದಿನಕ್ಕೆ 600ರಿಂದ 800 ಯೂನಿಟ್ ಸಾಕು. 60,000 ಯೂನಿಟ್‌ನ ಪೊಟ್ಟಣ ಬರೆದುಕೊಟ್ಟಿದ್ದರೆ ಅದು ಸಾಮಾನ್ಯವಾಗಿ ವಾರಕ್ಕೊಂದು, ಅದೂ ಕೆಲವೇ ವಾರ. ದಿನಾ ಒಂದು ಕುಡಿದವರನ್ನು ನಾನು ಕಂಡಿದ್ದೇನೆ, ಅದು ವಿಷವಾಗುತ್ತದೆ.

ಸ್ಟೀರಾಯ್ಡ್ ತೊಡೆಯ ಸ್ನಾಯುಗಳನ್ನೂ ಸೊರಗಿಸುತ್ತದೆ. ನೆಲದಿಂದ ಏಳಲು ಕಷ್ಟಪಡುತ್ತಿದ್ದಾರಾ ನೋಡಿ. ದಿನಾ ನಡೆಸಿ, ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಸರಳು ಹಾಕಿಸಿ. ತೊಡೆಸಂದಿಯಲ್ಲಿ ನೋವು ಅಂದರೆ ಮಾತ್ರ ತಡಮಾಡಬೇಡಿ. ರಕ್ತ ಸಿಗದೆ ತೊಡೆಮೂಳೆಯ ತಲೆಯೇ ಸಾಯುವುದುಂಟು. ಶುರುವಿನಲ್ಲಿ ಎಕ್ಸ್‌ರೇ ಚೆನ್ನಾಗಿಯೇ ಕಾಣುತ್ತದೆ, ಎಂಆರ್‌ಐನಲ್ಲಿ ಗೊತ್ತಾಗುತ್ತದೆ.

ಅಪಾಯ ಜಾಸ್ತಿ ಇರುವವರಿಗೆ ಮೂಳೆ ಕೆರೆಯುವುದನ್ನು ತಡೆಯುವ ಅಲೆಂಡ್ರೊನೇಟ್ ಕೊಡುತ್ತಾರೆ. ಶುರು ಮಾಡುವ ಮುಂಚೆ ಹಲ್ಲು ತೋರಿಸಿಕೊಳ್ಳುವುದು ಒಳ್ಳೆಯದು. ಅವ್ವನಿಗೆ ವಾರಕ್ಕೊಂದು, 70 ಮಿಲಿಗ್ರಾಂ. ಈಗ ನಮ್ಮ ಜೊತೆಯೇ ಇದ್ದಾಳೆ. ಭಾನುವಾರ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ, ದೊಡ್ಡ ಲೋಟ ನೀರಿನ ಜೊತೆ ನುಂಗುತ್ತಾಳೆ. ಅರ್ಧ ಗಂಟೆ ಏನೂ ತಿನ್ನುವಂತಿಲ್ಲ, ತಿಂದರೆ ಔಷಧಿ ಮೈಗೆ ಹತ್ತುವುದಿಲ್ಲ; ಮಲಗುವಂತೆಯೂ ಇಲ್ಲ, ಮಲಗಿದರೆ ಅನ್ನನಾಳ ಹುಣ್ಣಾಗಬಹುದು. ಆ ಅರ್ಧ ಗಂಟೆ ಕಟ್ಟೆಯ ಮೇಲೆ ನೆಟ್ಟಗೆ ಕೂತು ಹೂವು ಕಟ್ಟುತ್ತಾಳೆ. ಆಮೇಲೆ ನಾನು ಟೀ ತಂದುಕೊಡುತ್ತೇನೆ.