ಪ್ರತಿಕ್ರಿಯೆ: ಬಾಲ್ಯದ ಓದು ನಮ್ಮ ಕಥೆಗಳಲ್ಲಿ ಇಣುಕಿದರೆ

ಬಾಲ್ಯದಲ್ಲಿ ಓದಿದ ಸಾಹಸಕಥೆಗಳ ಧಾಟಿಯೇ ನಿಮ್ಮ ಬರವಣಿಗೆಯಲ್ಲಿ ಇಣುಕುತ್ತಿರುವುದರಿಂದ, ಸ್ವಂತದ್ದೆಂಬುದು ಏನೂ ಇಲ್ಲವೇನೋ ಎಂಬ ಅಳುಕನ್ನು ತೋಡಿಕೊಂಡಿದ್ದೀರಿ. ದಯವಿಟ್ಟು ಆ ಕಾರಣಕ್ಕೆ ಬರೆಯುವುದನ್ನು ನಿಲ್ಲಿಸಬೇಡಿ. ಇಂಗ್ಲೆಂಡಿನ ಬ್ರಾಂಟೆ ಮಕ್ಕಳು, 1826ರಲ್ಲಿ ತಂದೆ ತಂದುಕೊಟ್ಟ ಮರದ ಸೈನಿಕರಿಗೆ ಹೆಸರಿಟ್ಟು ಕಥೆ ಕಟ್ಟಿದರು. ಮುಂದೆ, ಮನೆಯಲ್ಲಿ ಓದುತ್ತಿದ್ದ ಮಾಸಪತ್ರಿಕೆಯನ್ನೇ ಅನುಕರಿಸಿ, ಅಂಗೈಗಿಂತ ಚಿಕ್ಕ ಪುಸ್ತಕಗಳನ್ನು ಕೈಯಾರೆ ಹೊಲಿದು, ಅಚ್ಚಿನಂತೆ ಕಾಣುವ ಸಣ್ಣ ಅಕ್ಷರಗಳಿಂದ ತುಂಬಿದರು. ಅವರಲ್ಲಿ ಮೂವರು ಸಹೋದರಿಯರು ಕಾದಂಬರಿಕಾರ್ತಿಯರಾದರು. ಹಾಗಾಗಿ ಅನುಕರಣೆಯನ್ನು ನಾನು ದೋಷವೆಂದು ಎಣಿಸುವುದಿಲ್ಲ, ಅದು ಅಭ್ಯಾಸ. ಅಂದು ಮತ್ತೆ ಮತ್ತೆ ಓದಿದ ಅಧ್ಯಾಯವೊಂದನ್ನು ತೆರೆದು, ನಿಮ್ಮಲ್ಲಿ ಭಯ ಹುಟ್ಟಿಸಿದ ವಾಕ್ಯ ಯಾವುದು, ಲೇಖಕರು ಏನನ್ನು ಹೇಳದೆ ಉಳಿಸಿದ್ದಾರೆ ಎಂಬುದನ್ನು ಗುರುತಿಸಿಕೊಳ್ಳಿ. ಬಳಿಕ ಪುಸ್ತಕವನ್ನು ಮುಚ್ಚಿಟ್ಟು, ನೀವು ಹತ್ತಿರದಿಂದ ಬಲ್ಲ ವ್ಯಕ್ತಿಯೊಬ್ಬರನ್ನು ಅಂಥದೇ ಸನ್ನಿವೇಶದಲ್ಲಿ ನಿಲ್ಲಿಸಿ, ಅವರು ನಿಜಕ್ಕೂ ಆಡಬಹುದಾದ ಮಾತುಗಳಲ್ಲೇ ಬರೆದು ನೋಡಿ.