ಸ್ಟಾರ್‌ಲೈನರ್ ಸರಿಯಾಗಿಯೇ ಇಳಿಯಿತಲ್ಲ, ಸುನೀತಾ ಯಾಕೆ ಅದರಲ್ಲಿ ಬರಲಿಲ್ಲ?

ನಮಸ್ಕಾರ ಸರ್. 2024ರ ಸೆಪ್ಟೆಂಬರ್‌ನಲ್ಲಿ ಬೋಯಿಂಗ್ ಕಂಪನಿಯ ಬಾಹ್ಯಾಕಾಶ ನೌಕೆ ಸ್ಟಾರ್‌ಲೈನರ್ ಖಾಲಿಯಾಗಿ ಸುರಕ್ಷಿತವಾಗಿ ಇಳಿದ ಮೇಲೆ ಅದರಲ್ಲಿ ಮೇಲೆ ಹೋಗಿದ್ದ ಗಗನಯಾತ್ರಿಗಳಾದ ಸುನೀತಾ ವಿಲಿಯಮ್ಸ್, ಬುಚ್ ವಿಲ್ಮೋರ್ ಅದರಲ್ಲೇ ಬರಬಹುದಿತ್ತಲ್ವಾ ಅಂತ ಜಮಖಂಡಿಯ ನಿಮ್ಮ ಶಾಲೆಯ ಮಕ್ಕಳು ಕೇಳಿದ್ದಾರೆ. ಒಳ್ಳೆ ಪ್ರಶ್ನೆ.

ಬರಬಹುದಿತ್ತು. ಆದರೆ ಅದು ಇಳಿದ ಮೇಲೆ ಹೇಳುವ ಮಾತು. ಜೂನ್ 6ರಂದು ಬಾಹ್ಯಾಕಾಶ ನಿಲ್ದಾಣ ಸೇರುವಾಗಲೇ ನೌಕೆಯ 28 ಸಣ್ಣ ಥ್ರಸ್ಟರ್‌ಗಳಲ್ಲಿ (ನೌಕೆಯ ದಿಕ್ಕು ತಿದ್ದುವ ಪುಟ್ಟ ಎಂಜಿನ್‌ಗಳು) 5 ಕೈಕೊಟ್ಟಿದ್ದವು. 4 ಮತ್ತೆ ಚಾಲೂ ಆದವು. ಜೊತೆಗೆ ಹೀಲಿಯಂ ಸೋರಿಕೆ. ಇಂಧನವನ್ನು ಥ್ರಸ್ಟರ್‌ಗೆ ತಳ್ಳುವುದೇ ಈ ಹೀಲಿಯಂ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿರುವ ವೈಟ್ ಸ್ಯಾಂಡ್ಸ್ ಪರೀಕ್ಷಾ ಕೇಂದ್ರದಲ್ಲಿ ಅಂಥದೇ ಥ್ರಸ್ಟರ್ ಉರಿಸಿ ನೋಡಿದರು. ಬಿಸಿಗೆ ಟೆಫ್ಲಾನ್ ಸೀಲ್ ಉಬ್ಬಿ ಆಕ್ಸಿಡೈಸರ್ (ಇಂಧನ ಉರಿಯಲು ಬೇಕಾದ ದ್ರವ) ಹರಿವಿಗೆ ಅಡ್ಡ ಬಂದಿತ್ತು. ಕಬ್ಬಿನ ಹೊಲದಲ್ಲಿ ಡ್ರಿಪ್ ಪೈಪ್ ಕಟ್ಟಿಕೊಂಡ ಹಾಗೆ ಅನ್ನಿ, ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ.

ಇನ್ನೊಂದು ತೊಡಕಿತ್ತು. ಈ ಥ್ರಸ್ಟರ್‌ಗಳಿರುವ ಸರ್ವಿಸ್ ಮಾಡ್ಯೂಲ್ ಭೂಮಿಗೆ ಬರುವುದೇ ಇಲ್ಲ, ದಾರಿಯಲ್ಲೇ ಕಳಚಿ ಸುಟ್ಟು ಹೋಗುತ್ತದೆ. ಹಾಗಾಗಿ ಅದನ್ನು ಪರೀಕ್ಷಿಸುವುದಾದರೆ ಮೇಲಿರುವಾಗಲೇ ಪರೀಕ್ಷಿಸಬೇಕು. ವಾಪಸಾತಿ ಮುಂದಕ್ಕೆ ಹೋಗಲು ಇದೂ ಒಂದು ಕಾರಣ. ಆಗಸ್ಟ್ 24ರಂದು ನಾಸಾ, ಇಬ್ಬರೂ ಸ್ಟಾರ್‌ಲೈನರ್‌ನಲ್ಲಿ ಬರುವುದು ಬೇಡ ಅಂದಿತು. ನನ್ನ ಪ್ರಕಾರ ಸರಿಯಾದ ನಿರ್ಧಾರ. ಖಾಲಿ ಇಳಿಯುವಾಗಲೂ ಕ್ಯಾಪ್ಸೂಲಿನ (ಗಗನಯಾತ್ರಿಗಳು ಕೂರುವ, ಭೂಮಿಗೆ ಮರಳುವ ಭಾಗ) ಬೇರೊಂದು ಥ್ರಸ್ಟರ್ ಕೆಲಸ ಮಾಡಲಿಲ್ಲ, ನೋಡಿ.

ದಿಕ್ಕಿಲ್ಲದೆ ಕೂತಿದ್ದಾರೆ ಅಂತ ಟಿವಿಯವರು ಅಂದರೂ ಸುನೀತಾ, ಬುಚ್ ಹಾಗೇನೂ ಕೂತಿರಲಿಲ್ಲ. ಸೆಪ್ಟೆಂಬರ್ ಕೊನೆಗೆ ಸ್ಪೇಸ್‌ಎಕ್ಸ್‌ನ ಕ್ರೂ-9 ನೌಕೆ ಎರಡು ಸೀಟು ಖಾಲಿ ಇಟ್ಟುಕೊಂಡೇ ಮೇಲೆ ಹೋಯಿತು. ಅದರಲ್ಲೇ 2025ರ ಮಾರ್ಚ್ 18ರಂದು ಫ್ಲೋರಿಡಾ ಬಳಿ ಸಮುದ್ರಕ್ಕಿಳಿದರು. ನಮಗೆ ಆಗ ಮಾರ್ಚ್ 19ರ ನಸುಕು.